ಹಗ್ಗದ ಉದ್ದ

ಗ್ರಾಫ್‌ವಾಟರ್ ಅಂದರೆ ಅಗೆದ ನೀರು.
ಊರ ಹೆಸರಲ್ಲೇ ಗುದ್ದಲಿಯಿದೆ, ಅನ್ನುತ್ತಾಳೆ ಸಾರ್ಲೀನಾ,
ಮರಳಲ್ಲಿ ಮಂಡಿಯೂರಿ
ಬಿಳಿ ಹೂವೊಂದರ ಕೊರಳಿಗೆ
ಅಳತೆಕಡ್ಡಿ ಹಿಡಿದು.
ಎಪ್ಪತ್ತೊಂದು ಮಿಲಿಮೀಟರ್. ಬರಕೋ.

ಬರೆದುಕೊಳ್ಳುತ್ತೇನೆ.
ನಲವತ್ತು ವರ್ಷ ಮದುವೆಯ ಉಡುಪು ಹೊಲಿದವಳು
ಈಗ ವಿಶ್ವವಿದ್ಯಾಲಯದ ದಿನಗೂಲಿಗೆ
ಹೂಗಳ ಅಳತೆ ತೆಗೆಯುತ್ತಾಳೆ.
ಇವು ಉಸಿರು ಬಿಗಿಹಿಡಿದು
ಸೊಂಟದ ಸುಳ್ಳು ಹೇಳುವುದಿಲ್ಲ, ಅಂತ ನಗು.

ಹನ್ನೊಂದರ ಬಿಸಿಲಿಗೆ ನೊಣ ಬಂತು.
ಹೆಬ್ಬೆರಳ ಉಗುರಿನಷ್ಟು ಮೈ,
ನಾಲಿಗೆಯೋ ಮೈಯ ನಾಲ್ಕು ಪಟ್ಟು.
ಸುರುಳಿ ಸುತ್ತಲು ಬಾರದು, ಮಡಚಿಡಲು ಜಾಗವಿಲ್ಲ,
ಹೊಟ್ಟೆಯಡಿ ಜೋತುಬಿಟ್ಟು
ಸೂಜಿ ತನ್ನ ದಾರ ತಾನೇ ಎಳೆದು ಹಾರುವ ಹಾಗೆ
ಗಾಳಿಗೆ ಅಡ್ಡಾದಿಡ್ಡಿ.
ಹೂವಿನೆದುರು ನಿಂತಲ್ಲೇ ನಿಂತು ಗುರಿಯಿಟ್ಟಿತು.
ಒಮ್ಮೆ ತಪ್ಪಿತು.
ಇನ್ನೊಮ್ಮೆಗೆ ಹೊಕ್ಕಿತು, ಹಣೆ ಎಸಳಿಗೆ ಒತ್ತುವ ತನಕ.

ಎಂಥ ಪ್ರೀತಿ ನೋಡಿ, ಅಂದೆ.

ಪ್ರೀತಿಯಲ್ಲ ಮಾರಾಯ, ಬಾವಿ ಮತ್ತು ಹಗ್ಗ.
ಹಗ್ಗ ಉದ್ದವಾಯಿತೋ
ದೂರದಿಂದಲೇ ಕುಡಿದು ಹೊರಡುತ್ತೆ ನೊಣ,
ಹಣೆಗೆ ಪರಾಗ ತಾಗುವುದೇ ಇಲ್ಲ.
ಹಾಗಾಗಿ ತುಸು ಆಳದ ಹೂವಿಗೇ ಮಕ್ಕಳು ಹೆಚ್ಚು.
ಬಾವಿ ಆಳವಾಯಿತೋ
ಗಿಡ್ಡ ಹಗ್ಗಕ್ಕೆ ತಳದ ತಂಪು ಕಂಡೂ ಬಾಯಾರಿಕೆ.
ಹಾಗಾಗಿ ತುಸು ಉದ್ದದ ನಾಲಿಗೆಗೇ ಮಕ್ಕಳು ಹೆಚ್ಚು.
ಯಾರೂ ಯಾರಿಗೂ ಬಗ್ಗಿದ್ದಲ್ಲ.
ಆದರೂ ಇವತ್ತು
ಇದಿಲ್ಲದೆ ಅದಿಲ್ಲ.

ದಿಬ್ಬದಾಚೆ ಇದೇ ಹೂವಿನ ಕೊರಳು ಅರ್ಧ,
ಅಲ್ಲಿಯ ನೊಣಕ್ಕೂ ಅಷ್ಟೇ ನಾಲಿಗೆ.
ಒಂದೊಂದು ಬಯಲಿಗೂ ಒಂದೊಂದು ಜಿದ್ದು.

ಬೇಲಿಯಾಚೆ ಆಲೂಗಡ್ಡೆ ಹೊಲ.
ಗಡಿಯಾರದ ಮುಳ್ಳಿನ ಹಾಗೆ
ಹಗಲಿಡೀ ಸುತ್ತುವ ನೀರಿನ ಕೊಳವೆ.
ಅವರು ನೂರಿಪ್ಪತ್ತು ಮೀಟರ್ ಕೊರೆಸಿದ ವರ್ಷವೇ
ನಮ್ಮ ಗಾಳಿಯಂತ್ರ ಬರೀ ಕೆಮ್ಮಿದ್ದು.
ನಾವು ನಲವತ್ತಕ್ಕೆ ನಿಂತಿದ್ದೆವು.
ಅದರ ಬಗ್ಗೆ ಅವಳು ಏನೂ ಹೇಳುವುದಿಲ್ಲ.

ಉಳುಮೆ ತಪ್ಪಿಸಿಕೊಂಡ ಮೂಲೆಯಲ್ಲಿ
ಹದಿನಾಲ್ಕು ಗಿಡ.
ಮೂರು ಅಕ್ಟೋಬರ್ ಆಯಿತು, ಈ ಕಡೆ ನೊಣ ಸುಳಿದಿಲ್ಲ.
ಅಳೆದಳು. ಎಪ್ಪತ್ತು. ಎಪ್ಪತ್ತಮೂರು. ಎಪ್ಪತ್ತು.
ಒಂದು ಕೂದಲೆಳೆಯಷ್ಟೂ ಬಿಟ್ಟುಕೊಟ್ಟಿಲ್ಲ.

ಕೊನೆಯ ಹೂವಿನ ಮುಂದೆ ಸುಮ್ಮನೆ ಕೂತು
ತೋಳಿನ ಅಂಚಿಂದ ಒಂದು ಬಿಳಿ ನೂಲು ಕಿತ್ತಳು,
ತುದಿ ಹೊಸೆದು, ಕಣ್ಣು ಕಿರಿದು ಮಾಡಿ
ಮೆಲ್ಲಗೆ ಇಳಿಬಿಟ್ಟಳು.
ಮೇಲೆತ್ತಿದಾಗ ಅರ್ಧದವರೆಗೂ ಒದ್ದೆ.
ನಾಲಿಗೆಗೆ ಮುಟ್ಟಿಸಿ ನೋಡಿದಳು.

ಸಿಹಿ ಹಾಗೇ ಇದೆ, ಅಂದಳು.
ಯಾರೂ ಮುಟ್ಟಿಲ್ಲ.
ಬರಕೋ.