ಆರನೇ ಕಲಂ

ನಮ್ಮ ಅಂಗಡಿಯಲ್ಲಿ ಚೌಕಾಶಿ ಇಲ್ಲ.
ಶಿವಮೊಗ್ಗದ ಬಿ.ಎಚ್. ರಸ್ತೆಯಿಂದ ಒಳಗೆ ಎರಡನೇ ತಿರುವು,
ಒಂದು ಪಕ್ಕ ಕನ್ನಡಕದವರು, ಇನ್ನೊಂದು ಪಕ್ಕ ಬ್ಯಾಂಡ್ ಸೆಟ್ಟಿನವರು.
ನಡುವೆ ನಾವು,
ಸದ್ದಿಲ್ಲದೆ ಸದ್ದು ಮಾರುವವರು.

ಇಪ್ಪತ್ತೊಂಬತ್ತು ವರ್ಷ ತೋಟೆ ಎಣಿಸಿದ್ದೇನೆ,
ಒಂದು ಈಡೂ ಹೊಡೆದವನಲ್ಲ.
ವಾಜಿದ್ ಸಾಹೇಬರು ಕಲಿಸಿದ್ದು ಇಷ್ಟೇ:
ಲೈಸೆನ್ಸ್ ನೋಡು, ನಂಬರು ಬರಿ, ಆಮೇಲೆ
ಮುಖ ನೋಡದೆ ಕೇಳು, ಯಾವುದಕ್ಕೆ?
ಮುಖ ನೋಡಿದರೆ ಸುಳ್ಳು ಹೇಳ್ತಾರೆ.

ರಿಜಿಸ್ಟರಿನ ಆರನೇ ಕಲಂ: ಉದ್ದೇಶ.
ಅಂಗುಲದಗಲ ಜಾಗ.
ಬೆಳೆ ರಕ್ಷಣೆ ಅಂದರೂ ತುಂಬುತ್ತದೆ,
ಆತ್ಮರಕ್ಷಣೆ ಅಂದರೂ.
ಶಿಕಾರಿ ಅಂತ ಯಾರೂ ಬರೆಸುವುದಿಲ್ಲ,
ಆ ಮಾತು ಅಜ್ಜಂದಿರ ಜೊತೆ ಗೋಡೆಯ ಫೋಟೋ ಸೇರಿತು
ಅಂತ ಎಲ್ಲರೂ ಒಪ್ಪಿಕೊಂಡಿದ್ದೇವೆ.
ಆದರೂ ಕೆಲವರು ಹಂದಿ ಅನ್ನುವಾಗ
ಎಂಜಲು ನುಂಗುತ್ತಾರೆ.

ಜಲಜಾಕ್ಷಿ ಬಂದದ್ದು ಹೊಸನಗರದಾಚೆಯಿಂದ, ಮೊದಲ ಬಸ್ಸಿಗೆ.
ಗಂಡನ ಲೈಸೆನ್ಸು ಅವಳ ಹೆಸರಿಗಾಗಿ ಹದಿನೇಳು ದಿನ.
"ಎರಡುಂಟು. ಮಾವನ ಕಾಲದ ರೈಫಲ್ಲು, ಇವರ ಜೋಡಿನಳಿಗೆ.
ಹಂದಿಗೂ ಆಗಬೇಕು,
ರಾತ್ರಿ ಬಾಗಿಲು ತಟ್ಟೋರಿಗೂ ಆಗಬೇಕು.
ರೈಫಲ್ಲಿಂದೇ ತಗೋ ಅಂತಾನೆ ಮೈದುನ."

ಗಾಜಿನ ಮೇಲೆ ಸಾಲಾಗಿ ನಿಲ್ಲಿಸಿದೆ.
ಇದು ರೈಫಲ್ಲಿನದು. ಮೂತಿ ಚೂಪು, ಹಿತ್ತಾಳೆ ಮೈ,
ಹುಣಸೆಹಣ್ಣಲ್ಲಿ ತಿಕ್ಕಿದ ದೀಪದ ಹಾಗೆ.
ಗುರಿ ತಪ್ಪಿದರೂ ಇದು ಕೆಲಸ ಬಿಡುವುದಿಲ್ಲ.
ಹಂದಿ ದಾಟಿ, ಬೇಲಿ ದಾಟಿ,
ಹೊಳೆಯಾಚೆ ಹುಲ್ಲು ಹೊರುವವಳನ್ನು
ಹುಡುಕಿಕೊಂಡು ಹೋಗುತ್ತದೆ.
ಮಣ್ಣಿನ ಗೋಡೆ ಅದಕ್ಕೆ ಹಳೇ ಸೀರೆಯ ಪರದೆ.
ನಿಮ್ಮ ಪಕ್ಕದ ಕೋಣೆಯಲ್ಲಿ ಮಲಗುವವರು ಯಾರು?

"ಅತ್ತೆ" ಅಂದಳು.
ಸ್ವಲ್ಪ ಹೊತ್ತು ತೆಗೆದುಕೊಂಡು ಅಂದಳು.
ಇಬ್ಬರೂ ಕಷ್ಟಪಟ್ಟು ನಗಲಿಲ್ಲ.

ಇದು ಸಣ್ಣ ಚರೆ, ಸಾಸಿವೆಯ ದಾಯಾದಿ.
ಹಂದಿಗೆ ತುರಿಕೆ, ಮನುಷ್ಯನಿಗೆ ಆಸ್ಪತ್ರೆ.
ಇದು ಎಲ್‌ಜಿ, ಒಳಗೆ ಆರೇ ಕಾಳು.
ಹತ್ತಿರದಲ್ಲಿ ಎರಡನೇ ಮಾತಿಲ್ಲ,
ದೂರ ಹೋದಂತೆ ಕಾಳು ಕಾಳಿಗೂ ಬೇರೆ ಸಂಸಾರ.
ಅರ್ಧ ತಾಗಿದ ಹಂದಿ ಇದೆಯಲ್ಲ, ಅದು...

"ಗೊತ್ತು."
ಗಾಜಿನ ಮೇಲಿನ ಬೆರಳು ನಿಂತಿತು.
"ಹೋದ ಕಾರ್ತೀಕದಲ್ಲಿ ಇವರು ಹೊಡೆದಿದ್ದು ಬೆಳಗಿನವರೆಗೂ ಕೂಗಿತು,
ಗದ್ದೆಯ ಕೆಳಗೆ, ಬಿದಿರು ಮಟ್ಟಿಯಲ್ಲಿ.
ಡಬ್ಬಿಯಲ್ಲಿ ಇನ್ನೊಂದಿರಲಿಲ್ಲ.
ಮೆಟ್ಟಿಲ ಮೇಲೆ ಕೂತೇ ಇದ್ದರು.
ಮರುದಿನ ಮಾತಾಡಲಿಲ್ಲ. ಅದರ ಮರುದಿನವೂ.
ಅರ್ಧ ಮಾಡದೇ ಇರೋದು ಕೊಡಿ."

ಅಂಥದ್ದನ್ನು ಯಾವ ಕಾರ್ಖಾನೆ ಮಾಡುತ್ತದೆ?
ಹತ್ತಿರ ಹೋಗಿ, ಅಂದೆ, ಅಷ್ಟೇ. ಇಪ್ಪತ್ತು ಹೆಜ್ಜೆ.
ಹೋಗಲಾಗದಿದ್ದರೆ ಹೊಡೆಯಬೇಡಿ,
ಡಬ್ಬ ಬಡಿಯಿರಿ.
ಹೊಡೆಯದವನ ಬಾಯಲ್ಲಿ ಬುದ್ಧಿಮಾತು
ಎಷ್ಟು ಸಲೀಸು.

ಮತ್ತೆ, ಬಾಗಿಲಿಗೆ?

"ಬಾಗಿಲು ತಟ್ಟುವವನೇ ಮೈದುನ.
ಕುಡಿದಾಗ ಮಾತ್ರ. ಪಾಲು ಕೇಳಲಿಕ್ಕೆ.
ಅವನಿಗೆ ತೋಟೆ ಯಾಕೆ,
ಕತ್ತಲಲ್ಲಿ ಜೋಡಿನಳಿಗೆ ಮಡಚಿ ಮುಚ್ಚಿದರೆ
ಟಕ್ ಅನ್ನುತ್ತಲ್ಲ, ಅದು ಸಾಕು.
ಇಷ್ಟರವರೆಗೆ ಸಾಕಾಗಿದೆ."

ಪಕ್ಕದಲ್ಲಿ ಯಾರೋ ಕ್ಲಾರಿಯೋನೆಟ್ ಪರೀಕ್ಷೆ ಮಾಡುತ್ತಿದ್ದರು,
ಒಂದೇ ಸ್ವರ, ಮತ್ತೆ ಮತ್ತೆ.

ರೈಫಲ್ಲಿನದು ಸ್ಟಾಕಿಲ್ಲ, ಅಂದೆ,
ಗಾಜಿನ ಮೇಲೆ ಅದು ಹೊಳೆಯುತ್ತಿದ್ದಾಗಲೇ.
ಅವಳು ಅದನ್ನು ನೋಡಿದಳು. ನನ್ನನ್ನು ನೋಡಿದಳು.
"ಹಂಗಾರೆ ಇದೇ ಕೊಡಿ, ಐದು."

ಹಳೇ ಪೇಪರು ಕೇಳಿ ಒಂದೊಂದನ್ನೂ ಬೇರೆ ಬೇರೆ ಸುತ್ತಿದಳು,
ಬಸ್ಸಿನಲ್ಲಿ ಮೊಟ್ಟೆ ಒಯ್ಯುವವರ ಹಾಗೆ.
ಸಹಿ ಹಾಕಿದಳು, ದುಂಡಗೆ, ಪೂರ್ತಿ ಹೆಸರು.
ಚಿಲ್ಲರೆ ಎಣಿಸಿಕೊಂಡು ಹೋದಳು.

ಸೋಮವಾರ ತಪಾಸಣೆಗೆ ಬರುತ್ತಾರೆ.
ಅಂಗುಲದಗಲ ಜಾಗ,
ಪೆನ್ನು ತೆರೆದು ಕೂತಿದ್ದೇನೆ.