ಜಂತೆ

ಡೊಂಬಿವಲಿ ಲೋಕಲ್ಲಿನಲ್ಲಿ ಒಂದು ಕಾಲೂರಲು ಜಾಗ ಸಿಕ್ಕರೆ
ಪುಣ್ಯ ಎನ್ನುವವನು ನಾನು.
ಅವರ ವಿಮಾನದಲ್ಲಿ ಕುರ್ಚಿ ಹಾಸಿಗೆಯಾಯಿತು.
ಕಾಲು ಚಾಚಿದೆ. ಚಾಚಿದಷ್ಟೂ ಹಾಸಿಗೆ ಇತ್ತು.

ಐದು ಹಗಲು, ನಾಲ್ಕು ರಾತ್ರಿ.
ಮರಳ ಮೇಲೆ ತಂದು ಹಾಸಿದ ಹುಲ್ಲು,
ಕೈಗೆ ಗವಸು ತೊಡಿಸಿ ಕೂರಿಸಿದ ಗಿಡುಗ,
ಅದರ ಕಣ್ಣು ಮುಚ್ಚುವಂತೆ ಚರ್ಮದ ಪುಟ್ಟ ಟೊಪ್ಪಿಗೆ.
"ನೋಡಿ, ಎಷ್ಟು ಶಾಂತ" ಅಂದ ವಾರ್ತಾ ಇಲಾಖೆಯ ಹುಡುಗ.
ನೋಡಿದೆ. ಫೋಟೋ ತೆಗೆದರು.

ಕೋಣೆಗೆ ಮರಳಿದರೆ ದಿಂಬಿನ ಮೇಲೆ
ದಿನಕ್ಕೊಂದು ಡಬ್ಬಿ. ಖರ್ಜೂರ, ಅತ್ತರು,
ಕೊನೆಯ ರಾತ್ರಿ ಕೈಗಡಿಯಾರ.
ಬೆಲೆಯ ಚೀಟಿ ಕಿತ್ತಿದ್ದರು, ಅಂಟು ಉಳಿದಿತ್ತು.

ಹೊರಡುವ ಹಿಂದಿನ ಗುರುವಾರ
ವರ್ಸೋವಾದಿಂದ ಚಾಂಗುಣಾಬಾಯಿ ಟಪ್ಕೆ ಬಂದಿದ್ದಳು
ಫೋರ್ಟಿನ ನಮ್ಮ ಆಫೀಸಿಗೆ, ಮೂರು ಮಹಡಿ ಹತ್ತಿ. ಲಿಫ್ಟು ಕೆಟ್ಟಿತ್ತು.
ಮಗ ಹರೇಶ್ವರ ಅದೇ ದೇಶದ ಟಗ್ ಬೋಟಿನಲ್ಲಿದ್ದವನು,
ಹದಿನಾಲ್ಕು ತಿಂಗಳಿಂದ ಅಲ್ಲಿನ ಜೈಲಿನಲ್ಲಿ.
ಯಾಕೆಂದು ಯಾರೂ ಹೇಳಿಲ್ಲ.
"ನೀನು ಹೋಗ್ತೀಯಂತೆ, ಒಂದು ಮಾತು ಕೇಳು"
ಎನ್ನುತ್ತಾ ಚೀಲದಿಂದ ಒಣ ಬೊಂಬಿಲ್ ತೆಗೆದಳು.
"ಬೇಡ ಮಾವಶಿ. ನಾವು ಪತ್ರಕರ್ತರು,
ಯಾರಿಂದಲೂ ಏನೂ ತಗೊಳ್ಳೋ ಹಾಗಿಲ್ಲ" ಅಂದೆ.
ಅಷ್ಟು ಚಂದದ ಮರಾಠಿ ನಾನು ಎಂದೂ ಆಡಿರಲಿಲ್ಲ.

ಕೇಳಲು ಹೊರಡಲಿಲ್ಲವೆಂದಲ್ಲ.
ಕಡೆಯ ದಿನ ಊಟದ ಕೊನೆಗೆ ಬಾಯಿ ತೆರೆದೆ.
ಇನ್ನೂ ಹಸಿವೆಯೆಂದು ತಿಳಿದನೋ ಏನೋ
ಆ ಹುಡುಗ ಮತ್ತೊಂದು ಬಕ್ಲಾವಾ ಬಡಿಸಿದ.
ಅಮ್ಮ ಹೇಳುತ್ತಿದ್ದಳು,
ಉಂಡ ಮನೆಯ ಜಂತೆ ಎಣಿಸಬಾರದು.
ತಲೆಯೆತ್ತಿದೆ.
ಜಂತೆಯೇ ಇರಲಿಲ್ಲ, ಈ ತುದಿಯಿಂದ ಆ ತುದಿಗೆ
ಒಂದೇ ಬಂಗಾರದ ಬಣ್ಣ.

ಎಂಟುನೂರು ಪದ ಕೇಳಿದ್ದರು, ಸಾವಿರದ ಇನ್ನೂರು ಬರೆದೆ.
ಡೆಸ್ಕಿನ ತಿಂಗಳಾಯರು ಓದಿ, ಕನ್ನಡಕ ಹಣೆಗೇರಿಸಿ,
"ಜನರೇ ಇಲ್ಲವೇನಯ್ಯಾ ಆ ದೇಶದಲ್ಲಿ?" ಅಂದರು.
ತಲೆಬರಹದ ಒಂದು ಕೊಂಬು ತಿದ್ದಿ ಪುಟಕ್ಕೆ ಬಿಟ್ಟರು.
ಖರ್ಜೂರ ಅವರೂ ತಿಂದರು.

ಇವತ್ತು ಗುರುವಾರ.
ಲಿಫ್ಟು ಇನ್ನೂ ಹಾಗೆಯೇ ಇದೆ.
ಮೆಟ್ಟಿಲ ಮೇಲೆ ಯಾರದೋ ಚಪ್ಪಲಿ
ನಿಂತು ನಿಂತು ಹತ್ತುತ್ತಿದೆ.
ಗಡಿಯಾರವನ್ನು ಅಂಗಿತೋಳಿನೊಳಕ್ಕೆ ತಳ್ಳುತ್ತೇನೆ.
ಅದು ಈಗಲೂ ಅಲ್ಲಿನ ಹೊತ್ತನ್ನೇ ತೋರಿಸುತ್ತದೆ.
ತಿರುಗಿಸುವುದು ಹೇಗೆಂಬ ಚೀಟಿಯೇನೋ ಇದೆ ಡಬ್ಬಿಯಲ್ಲಿ,
ಅವರ ಭಾಷೆಯಲ್ಲಿ.