ನಗ್ಗು

ಆ ವರ್ಷ ವಾಲ್ಪರೈಸೊದ ಬಾಲ್ಕನಿಯಲ್ಲಿ ನಿಂತು
ಮರದ ಸೌಟಿನಿಂದ ಬಡಿದ ಪಾತ್ರೆ ಇದೇ.
ಘೋಷಣೆ ಕೂಗಲು ನನ್ನ ದನಿ ಸಾಲುತ್ತಿರಲಿಲ್ಲ,
ಪಾತ್ರೆಗೆ ಧಾರಾಳವಾಗಿತ್ತು.

ಎದುರುಮನೆಯ ಎದುವಿನಾ
ಒಂಬತ್ತು ರಾತ್ರಿ ಕಿಟಕಿ ಮುಚ್ಚಿಕೊಂಡಳು.
ಹತ್ತನೆಯದಕ್ಕೆ ಬಾಗಿಲು ತಟ್ಟಿ,
"ಕೂಸು ಮಲಗಿದೆ, ಸ್ವಲ್ಪ ಮೆಲ್ಲಗೆ" ಅಂದವಳು
ಹೋಗುವಾಗ ಉಪ್ಪು ಕೇಳಿದಳು.
ಕೊಟ್ಟೆ.

ಮತ ಎಣಿಸಿದರು. ಗೆದ್ದೆವು ಅಂದರು,
ಆಮೇಲೊಮ್ಮೆ ಸೋತೆವು ಅಂದರು.
ನನ್ನ ಪಿಂಚಣಿಯ ಕಿವಿಗೆ
ಎರಡೂ ಬಿದ್ದಂತಿಲ್ಲ.

ತಳ ನಗ್ಗಿ ಪಾತ್ರೆ ಒಲೆಯ ಮೇಲೆ ವಾಲುತ್ತದೆ,
ಬೇಳೆ ಒಂದೇ ಮಗ್ಗುಲಲ್ಲಿ ಸೀಯುತ್ತದೆ.
ಹೊಸದು ತರಲೇ ಎನ್ನುತ್ತಾನೆ ಮೊಮ್ಮಗ ಎಲಿಸೆಯೊ.
ಇದು ಇರಲಿ ಬಿಡು.
ಎದುವಿನಾಳ ಮನೆಗೊಂದು ಬಟ್ಟಲು ಕೊಟ್ಟು ಬಾ,
ಮೇಲುಮೇಲಿನದು.
ಸೀದದ್ದು ನನಗೆ.